ಬಿದ್ದ ಕುಣಿಕೆಗಳ ಪಟ್ಟಿ

ಜೂನ್ ೯, ಮಂಗಳವಾರ

ಅಪ್ಪಾ,

ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ", "ಹ್ಞೂಂ, ಆಯ್ತು" ದಾಟಿ ಮುಂದೆ ಹೋಗಿದ್ದೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಸಿಕ್ಕಿದೆ, ವಾಚನಾಲಯದಲ್ಲಿ. ಮಂಗಳವಾರ ಮತ್ತು ಶುಕ್ರವಾರ ಮೂರರಿಂದ ಐದರವರೆಗೆ ಮಹಡಿಯ ಕೋಣೆಯಲ್ಲಿ ವಯಸ್ಸಾದವರನ್ನೂ ಕಾಲೇಜು ಹುಡುಗ ಹುಡುಗಿಯರನ್ನೂ ಒಟ್ಟಿಗೆ ಕೂರಿಸಿ ಉಣ್ಣೆ ಹೆಣೆಸಬೇಕು. ಉಳಿದ ಹೊತ್ತು ಕೆಳಗೆ ಪುಸ್ತಕ ಜೋಡಿಸುವುದು. ಒಬ್ಬ ಹಿರಿಯರಿಗೆ ಒಬ್ಬ ಕಿರಿಯರು, ಹೀಗೆ ಆರು ಜೋಡಿ. ಎಲ್ಲರೂ ಗೇಣಗಲದ ಚೌಕಗಳನ್ನು ಹೆಣೆಯುತ್ತಾ ಹೋಗಬೇಕು, ಕೊನೆಗೆ ಅವನ್ನೆಲ್ಲ ಸೇರಿಸಿ ದೊಡ್ಡ ಹೊದಿಕೆ ಮಾಡಿ ಮಕ್ಕಳ ಆಸ್ಪತ್ರೆಗೆ ಕೊಡುವುದು. ಮೇಲಧಿಕಾರಿಯವರು "ನೀವು ಸಾಹಿತ್ಯ ಓದಿದವರು, ಜನರ ಜೊತೆ ಬೆರೀತೀರಿ" ಅಂದರು. ಜನರಿಂದ ತಪ್ಪಿಸಿಕೊಳ್ಳೋದಕ್ಕೇ ಕೆಲವರು ಸಾಹಿತ್ಯ ಓದುತ್ತಾರೆ ಅಂತ ಅವರಿಗೆ ಯಾರೂ ಹೇಳಿಲ್ಲ.

ಇವತ್ತು ಮೊದಲ ದಿನ. ಹಿರಿಯರು ಕಿಟಕಿ ಕಡೆ, ಕಿರಿಯರು ಬಾಗಿಲ ಕಡೆ, ನಡುವೆ ಉಣ್ಣೆ ಉಂಡೆಗಳ ಬುಟ್ಟಿ. ಅರ್ಧ ಗಂಟೆ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ನಾನು ಹೇಳಬೇಕೆಂದು ಬರೆದುಕೊಂಡು ಹೋಗಿದ್ದ ನಾಲ್ಕು ವಾಕ್ಯ ಚೀಟಿಯಲ್ಲೇ ಉಳಿದವು. ಕೊನೆಗೆ ಒಬ್ಬ ನಿವೃತ್ತ ಬಸ್ ಡ್ರೈವರ್, ತೊಡೆ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದವರು, "ಏನಮ್ಮಾ, ಗಾಡಿ ಹೊರಡೋದು ಯಾವಾಗ? ಜನ ಎಲ್ಲ ಹತ್ತಾಯ್ತಲ್ಲ" ಅಂದರು. ಎಲ್ಲರೂ ನಕ್ಕರು. ನಾನು ನಗುವ ಬದಲು "ಕ್ಷಮಿಸಿ" ಅಂದೆ.

ಆಮೇಲೆ ಒಬ್ಬ ಹುಡುಗಿ ತಾನಾಗಿಯೇ ಎದ್ದು ಕಿಟಕಿ ಕಡೆ ಹೋಗಿ ಕೂತಳು. ಅವಳಿಗೆ ನಾನು ಮನಸ್ಸಿನಲ್ಲೇ ಗಡಿಬಿಡಿ ಅಂತ ಹೆಸರಿಟ್ಟಿದ್ದೇನೆ. ಕೂತಾಗಲೂ ಒಂದು ಕಾಲು ಕುಣಿಯುತ್ತಲೇ ಇರುತ್ತದೆ. ಅವಳ ಪಕ್ಕ ಇದ್ದವರು ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು.

"ಅಜ್ಜಿ, ಕಡ್ಡಿ ಹಿಡ್ಕೊಳ್ಳೋದು ಹೀಗಾ?"

"ಅಜ್ಜಿ ಅಂತ ನಿಮ್ಮಜ್ಜಿನ ಕರಿ. ನನ್ನ ಎಲ್ಲರೂ ಸಿಸ್ಟರ್ ಅಂತಾರೆ."

"ಸರಿ, ಸಿಸ್ಟರಜ್ಜಿ."

ಸಿಸ್ಟರಮ್ಮ ಬೈಯಲಿಲ್ಲ. ಕಡ್ಡಿ ಕೈಗೆತ್ತಿಕೊಂಡರು. ಆಗ ನೋಡಿದೆ, ಅವರ ಬಲಗೈ ನಡುಗುತ್ತದೆ. ತಾನು ನೋಡಿದ್ದನ್ನು ಗಡಿಬಿಡಿ ಮುಚ್ಚಿಡಲಿಲ್ಲ. "ನಿಮ್ಮ ಕೈ ಯಾಕೆ ಹೀಗೆ?" ಅಂತ ಕೇಳಿಯೇಬಿಟ್ಟಳು. ನಾನು ಮೂರು ತಿಂಗಳಾದರೂ ಕೇಳುತ್ತಿರಲಿಲ್ಲ.

ಅಮ್ಮನಿಗೆ ಹೇಳು, ಕೋಣೆಗೆ ಗಾಳಿ ಬೆಳಕು ಚೆನ್ನಾಗಿದೆ.

ಇಂತಿ,
ಪುಟ್ಟಿ


ಜೂನ್ ೧೮

ಪುಟ್ಟಿ,

ಕಾಗದ ಬಂತು. ಅಂಗಡಿಯಲ್ಲಿ ಕೂತು ಎರಡು ಸಲ ಓದಿದೆ. ಮೊದಲನೇ ಸಲ ಓದುವಾಗ ಒಬ್ಬ ಬಂದು ಕೋಟಿಗೆ ರಫೂ ಆಗಬೇಕು ಅಂದ. ಸಿಗರೇಟಿನ ಕಿಡಿ ಬಿದ್ದು ಬಟಾಣಿ ಗಾತ್ರದ ತೂತು. ಇವತ್ತೇ ಬೇಕಂತೆ. ಎಲ್ಲರಿಗೂ ಇವತ್ತೇ ಬೇಕು. ಕೋಟಿನ ಒಳಮಡಿಕೆಯಿಂದ ಎಳೆ ಕಿತ್ತು ಒಂದೊಂದೇ ನೇಯ್ದು ಸೇರಿಸುವುದಕ್ಕೆ ಮಧ್ಯಾಹ್ನ ಪೂರ್ತಿ ಬೇಕಾಯಿತು.

ಮಾತು ಬಾರದಿದ್ದರೆ ಪರವಾಗಿಲ್ಲ. ಮೊದಲು ಅವರ ಕೈ ನೋಡು. ಯಾರ ಉಣ್ಣೆ ಬಿಗಿ, ಯಾರದ್ದು ಸಡಿಲ ಅಂತ ಗೊತ್ತಾದರೆ ಮನುಷ್ಯ ಅರ್ಧ ಗೊತ್ತಾದ ಹಾಗೆ. ಹೊಸಬರಿಗೆ ದಪ್ಪ ಕಡ್ಡಿ ಕೊಡು.

ನೀನು ಹೆಣೆಯುತ್ತೀಯೋ ಇಲ್ಲವೋ ಬರೆದಿಲ್ಲ.

ಅಪ್ಪ

(ಇದು ಅಮ್ಮ. ನಿಮ್ಮಪ್ಪ ಜಾಗ ಬಿಟ್ಟಿದ್ದಾರೆ, ಸುಮ್ಮನೆ ಯಾಕೆ ವ್ಯರ್ಥ. ಹೊತ್ತಿಗೆ ಸರಿಯಾಗಿ ತಿನ್ನು. ಪುಸ್ತಕ ಓದ್ತಾ ತಿನ್ನಬೇಡ.)


ಜುಲೈ ೧೪, ಮಂಗಳವಾರ

ಅಪ್ಪಾ,

ಈಗ ಕೋಣೆ ತುಂಬಾ ಗಲಾಟೆ. ಡ್ರೈವರ್ ತಾತನಿಗೆ ಜೋಡಿಯಾಗಿರುವವನು ಎತ್ತರದ ಹುಡುಗ, ಮೊದಲ ವಾರ ಒಂದು ಸಾಲು ಹೆಣೆಯುವಷ್ಟರಲ್ಲಿ ಬೆವರುತ್ತಿದ್ದ. "ಬ್ರೇಕ್ ಮೇಲೆ ಕಾಲಿಟ್ಟೇ ಗಾಡಿ ಓಡಿಸ್ತಿದೀಯಲ್ಲೋ ಮಾರಾಯ, ಉಣ್ಣೆನ ಸ್ವಲ್ಪ ಬಿಡೋ" ಅಂತ ತಾತ ಬೈಯುತ್ತಾರೆ. ಈಗ ಅವನ ಚೌಕಗಳು ಎಷ್ಟು ಚೆನ್ನಾಗಿ ಬರುತ್ತಿವೆ ಅಂದರೆ ಅವನಿಗೇ ನಂಬಿಕೆ ಇಲ್ಲ.

ನಾನು ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂರುತ್ತೇನೆ. ಉಣ್ಣೆ ಕೊಡುತ್ತೇನೆ, ಟೀ ತರಿಸುತ್ತೇನೆ, ಹಾಜರಿ ಬರೆಯುತ್ತೇನೆ. ಐದಕ್ಕೆ ಎಲ್ಲರ ಹೆಣಿಗೆಯನ್ನೂ ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ. ಆದರೂ ಕೂತಲ್ಲಿ ಕೂರಲಾಗುವುದಿಲ್ಲ. ಎರಡು ಗಂಟೆಯಲ್ಲಿ ಇಪ್ಪತ್ತು ಸಲ ಏಳುತ್ತೇನೆ. ಕಿಟಕಿ ತೆಗೆಯುತ್ತೇನೆ, ಮುಚ್ಚುತ್ತೇನೆ.

ಒಂದು ವಿಷಯ ನಿನಗೆ ಮಾತ್ರ ಹೇಳುತ್ತೇನೆ. ಸಿಸ್ಟರಮ್ಮ ದಿನಕ್ಕೆ ಅರ್ಧ ಚೌಕ ಮುಗಿಸಲೇಬೇಕು ಅಂತ ಹಟ ಹಿಡಿದು ಹೆಣೆಯುತ್ತಾರೆ. ಕೈ ನಡುಗಿ ಕುಣಿಕೆ ಕಡ್ಡಿಯಿಂದ ಜಾರಿ ಬೀಳುತ್ತದೆ. ಒಂದು ಬಿದ್ದರೆ ಪಕ್ಕದಲ್ಲಿ ಇನ್ನೊಂದನ್ನು ಹುಟ್ಟಿಸಿಕೊಂಡು ಸಾಲಿನ ಲೆಕ್ಕ ಸರಿದೂಗಿಸುತ್ತಾರೆ. ಬಿದ್ದ ಜಾಗದಲ್ಲಿ ತೂತು. ಒಂದು ದಿನ ಐದರ ಮೇಲೆ ಅವರ ಚೌಕ ಎತ್ತಿ ನೋಡಿದೆ, ಜರಡಿ ಹಾಗಿತ್ತು. ಬಾಗಿಲು ಮುಚ್ಚಿ, ಕೊಕ್ಕೆಕಡ್ಡಿ ತೆಗೆದುಕೊಂಡು, ನೀನು ಸ್ವೆಟರಿಗೆ ಮಾಡುತ್ತಿದ್ದೆಯಲ್ಲ ಹಾಗೆ, ಬಿದ್ದ ಕುಣಿಕೆಯನ್ನು ಒಂದೊಂದೇ ಮೆಟ್ಟಿಲು ಹತ್ತಿಸಿ ಮೇಲೆ ತಂದೆ. ಕೆಲವು ಕಡೆ ನಾಲ್ಕೈದು ಸಾಲು ಬಿಚ್ಚಿ ಹೊಸದಾಗಿಯೇ ಹೆಣೆದೆ, ಅವರ ಕೈಯಷ್ಟೇ ಬಿಗಿಯಾಗಿ.

ಒಂದೇ ಸಲಕ್ಕೆ ಎಲ್ಲ ಸರಿಮಾಡಿದರೆ ಗೊತ್ತಾಗುತ್ತದೆ. ಅದಕ್ಕೆ ಮೊದಲ ದಿನ ಎರಡು ತೂತು ಮುಚ್ಚಿದೆ. ಆಮೇಲೆ ನಾಲ್ಕು. ಆಮೇಲೆ ಆರು. ಅವರು ಬಂದ ಕೂಡಲೆ ಹಿಂದಿನ ದಿನದ ಹೆಣಿಗೆಯನ್ನು ಕಿಟಕಿಗೆ ಹಿಡಿದು ನೋಡುತ್ತಾರೆ. ನೋಡಿ ಮುಖ ಅರಳುತ್ತದೆ. ರಫೂ ಮಾಡಿದ್ದು ಬಟ್ಟೆ ತಂದವನಿಗೂ ಕಾಣಬಾರದು ಅಂತ ನೀನು ಹೇಳುತ್ತಿದ್ದೆಯಲ್ಲ. ಕಾಣುತ್ತಿಲ್ಲ ಅಪ್ಪಾ.

ನಿನ್ನ ಮಗಳು


ಜುಲೈ ೨೩

ಪುಟ್ಟಿ,

ಕಾಗದ ತಲುಪಿತು. ಇಲ್ಲಿ ಎಲ್ಲರೂ ಕ್ಷೇಮ. ಅಂಗಡಿಯ ಕಿಟಕಿಗೆ ಹೊಸ ಗಾಜು ಹಾಕಿಸಿದೆ, ಬೆಳಕು ಹೆಚ್ಚಾಗಿದೆ.

ನಾನು ಹೇಳಿದ್ದು ನಿಜ, ಕಾಣಬಾರದು. ಆದರೆ ತೂತು ಇದೆ ಅಂತ ಬಟ್ಟೆ ತಂದವನಿಗೆ ಗೊತ್ತಿರುತ್ತದೆ. ಅವನೇ ತೋರಿಸಿ, ಇಲ್ಲಿ ಅಂತ ಬೆರಳಿಟ್ಟು ಕೊಟ್ಟು ಹೋಗಿರುತ್ತಾನೆ. ಕೇಳದೆ ನಾನು ಯಾರ ಬಟ್ಟೆಗೂ ಸೂಜಿ ಹಾಕಿಲ್ಲ.

ಆಯಮ್ಮನಿಗೆ ಹೇಳಿ ಮಾಡು. ಇಲ್ಲದಿದ್ದರೆ ಬಿಡು.

ಅಪ್ಪ

(ಸೂಜಿ ಹಾಕಿಲ್ಲ ಅಂದಮೇಲೆ ಒಂದು ಸಾಲು ಬರೆದು ಹೊಡೆದುಹಾಕಿದ್ದಾರೆ. ಏನು ಅಂತ ಕೇಳಿದರೆ ಶಾಯಿ ಚೆಲ್ಲಿತು ಅಂತಾರೆ. ಬಾಲ್ ಪೆನ್ನಿನಲ್ಲಿ ಶಾಯಿ ಹೇಗೆ ಚೆಲ್ಲತ್ತೋ! - ಅಮ್ಮ)


ಆಗಸ್ಟ್ ೧೧, ಮಂಗಳವಾರ

ಅಪ್ಪಾ,

ದೊಡ್ಡ ಎಡವಟ್ಟಾಗಿದೆ. ಬಸ್ ನಿಲ್ದಾಣದಲ್ಲಿ ನಿಂತೇ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸು.

ಸಿಸ್ಟರಮ್ಮ ಕಿಟಕಿಗೆ ಹಿಡಿದು ನೋಡಿದಮೇಲೆ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. ಹೆಣಿಗೆಯ ನಮೂನೆ ಇರಬೇಕು ಅಂದುಕೊಂಡಿದ್ದೆ. ಇವತ್ತು ಗಡಿಬಿಡಿ ಅದನ್ನು ಕಿತ್ತುಕೊಂಡು ಎಲ್ಲರಿಗೂ ತೋರಿಸಿದಳು. "ನೋಡ್ರಿ ನಮ್ಮ ಸಿಸ್ಟರಜ್ಜಿ ಗ್ರಾಫು!" ಆಸ್ಪತ್ರೆಯಲ್ಲಿ ರೋಗಿಯ ಮಂಚಕ್ಕೆ ಜ್ವರದ ಪಟ್ಟಿ ನೇತುಹಾಕುತ್ತಾರಲ್ಲ, ಹಾಗೆ ಚೌಕಳಿ ಗೀಟು ಎಳೆದು ಚುಕ್ಕೆ ಇಟ್ಟು ಗೆರೆ ಸೇರಿಸಿದ್ದಾರೆ. ಅಡ್ಡಕ್ಕೆ ತಾರೀಕು. ಉದ್ದಕ್ಕೆ ಆ ದಿನದ ತೂತುಗಳ ಸಂಖ್ಯೆ. ನಡುನಡುವೆ ನನ್ನ ಕಣ್ಣಿಗೆ ಬಿದ್ದ ಅಂಕಿ: ಹದಿನಾಲ್ಕು, ಹದಿನಾಲ್ಕು, ಹನ್ನೆರಡು, ಒಂಬತ್ತು, ಏಳು, ನಾಲ್ಕು, ಎರಡು.

"ಕೆಲಸ ಮುಗಿದ ಕೂಡಲೆ ಎಣಿಸಬಾರದು," ಅಂತ ಗಡಿಬಿಡಿಗೆ ಪಾಠ ಮಾಡುತ್ತಿದ್ದರು. "ಸುಸ್ತಾದ ಕಣ್ಣು ಸುಳ್ಳು ಹೇಳತ್ತೆ. ಮಾರನೇ ಸಲ ಬಂದು, ಒಳ್ಳೇ ಬೆಳಕಲ್ಲಿ ಎಣಿಸಬೇಕು."

"ಯಾಕೆ ಎಣಿಸಬೇಕು?"

"ನಡುಕದ ಮಾತ್ರೆ ನಾಟ್ತಿದೆಯೋ ಇಲ್ಲವೋ ನೋಡಕ್ಕೆ. ನೋಡು, ನಾಟಿದೆ. ಆದರೆ ಆ ಮಾತ್ರೆ ತಿಂದರೆ ತಲೆ ಅನ್ನೋದು ಹತ್ತಿ ತುಂಬಿದ ದಿಂಬು ಕಣೇ. ಎದ್ದರೆ ತೂರಾಟ. ಸೋಮವಾರ ಡಾಕ್ಟರ್ ಹತ್ರ ಈ ಪಟ್ಟಿ ತಗೊಂಡು ಹೋಗ್ತೀನಿ. ಅರ್ಧಕ್ಕಿಳಿಸಿ ಅಂತ ಕೇಳ್ತೀನಿ. ಬಾಯಲ್ಲಿ ಹೇಳಿದರೆ ಮುದುಕಿ ವಟವಟ ಅಂತಾರೆ, ಅಂಕಿ ತೋರಿಸಿದರೆ ಕೇಳಲೇಬೇಕಲ್ಲ?"

ಡ್ರೈವರ್ ತಾತ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ನಾನೂ ತಟ್ಟಿದೆ ಅಪ್ಪಾ.

ಆ ಗೆರೆ ನನ್ನದು. ನೀನು ಬಿಡು ಅಂದಮೇಲೂ ನಾನು ಬಿಡಲಿಲ್ಲ. ಎಷ್ಟು ನುಣುಪಾಗಿ ಇಳಿಸಿದ್ದೇನೆ ಗೊತ್ತಾ, ಎಲ್ಲೂ ಸಂಶಯ ಬಾರದ ಹಾಗೆ. ಇವತ್ತು ಐದರ ಮೇಲೆ ಅವರ ಚೌಕವನ್ನು ಮುಟ್ಟಲಿಲ್ಲ. ಹಾಗೇ ಬಿಟ್ಟರೆ ಶುಕ್ರವಾರ ಎಣಿಸುತ್ತಾರೆ, ಸಂಖ್ಯೆ ಒಮ್ಮೆಗೇ ಮೇಲೆ ಹೋಗುತ್ತದೆ, ಅವರಿಗೇ ಗೊತ್ತಾಗುತ್ತದೆ ಅನ್ನುವ ಯೋಚನೆ. ನಾನು ಬಾಯಿ ಬಿಡುವುದೇ ಬೇಡ. ಎಂಥ ಹೇಡಿ ಯೋಚನೆ ನೋಡು.

ಬಸ್ ಬಂತು.

ಪುಟ್ಟಿ


ಆಗಸ್ಟ್ ೧೪, ಶುಕ್ರವಾರ

ಅಪ್ಪಾ,

ನಿನ್ನ ಉತ್ತರಕ್ಕೆ ಕಾಯಲು ಆಗುತ್ತಿಲ್ಲ.

ಇವತ್ತು ಸಿಸ್ಟರಮ್ಮ ಎಣಿಸಿದರು. ಹದಿನೈದು. ಎರಡು ಸಲ ಎಣಿಸಿದರು. ಅವರು ನಕ್ಕು, "ಮೊನ್ನೆ ಈ ಹುಡುಗಿ ಗ್ರಾಫು ಗ್ರಾಫು ಅಂತ ತಲೆ ತಿಂದಳಲ್ಲ, ನನ್ನ ಗಮನ ಎಲ್ಲಿತ್ತು. ಇದು ಲೆಕ್ಕಕ್ಕಿಲ್ಲ" ಅಂದು ಚುಕ್ಕೆ ಇಡದೆ ಮುಚ್ಚಿದರು.

ಅವರು ಮೆಟ್ಟಿಲಿಳಿಯುವಾಗ ಹಿಂದೆಯೇ ಹೋದೆ. "ಸಿಸ್ಟರಮ್ಮಾ" ಅಂದೆ. ತಿರುಗಿದರು. "ಏನಮ್ಮಾ?" ಅಂದರು. "ಛತ್ರಿ ಮರೆತಿದ್ದೀರಾ ಅಂತ" ಅಂದೆ. ಛತ್ರಿ ಅವರ ಕೈಯಲ್ಲೇ ಇತ್ತು.

ಕೋಣೆಗೆ ವಾಪಸ್ ಬಂದು ಹತ್ತು ಸುತ್ತು ಹಾಕಿದೆ. ಅವರಿಗೆ ಹೇಳಲು ಆಗದ್ದಕ್ಕೆ ನಿನಗೆ ಬೇರೆ ಒಂದನ್ನು ಹೇಳುತ್ತೇನೆ. ಹನ್ನೊಂದು ವರ್ಷದಿಂದ ಹೇಳದೇ ಇಟ್ಟಿದ್ದು.

ನನಗಾಗ ಹನ್ನೆರಡು. ಶಾಲೆಯಲ್ಲಿ ಕೈಕೆಲಸದ ಪ್ರದರ್ಶನ. ನಾನು ದಿಂಬಿನ ಚೀಲದ ಮೇಲೆ ನೀಲಿ ಹಕ್ಕಿ ಕಸೂತಿ ಹಾಕಿದ್ದೆ, ಎರಡು ತಿಂಗಳು. ಅವತ್ತು ಬೆಳಿಗ್ಗೆ ನಾನು ಮುಂಚೆ ಶಾಲೆಗೆ ಹೋದೆ, ಅದನ್ನು ನೀನು ಆಮೇಲೆ ತಂದುಕೊಟ್ಟೆ. ಮೇಜಿನ ಮೇಲೆ ಹರವಿದಾಗ ನೋಡಿದೆ. ಅದು ನನ್ನ ಹಕ್ಕಿ ಅಲ್ಲ. ನನ್ನದರ ಕೊಕ್ಕು ಸೊಟ್ಟ ಇತ್ತು, ಇದರದ್ದು ನೇರ. ನನ್ನದರ ಹಿಂದೆ ಗಂಟುಗಳ ಗುಡ್ಡೆ ಇತ್ತು, ಇದರ ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕ. ಮೊದಲ ಬಹುಮಾನ ಬಂತು. ವೇದಿಕೆಯ ಮೇಲೆ ಹತ್ತಿದೆ, ಇಳಿದೆ. ನೀನು ಹಿಂದಿನ ಸಾಲಿನಲ್ಲಿ ನಿಂತು ನೆಲ ನೋಡುತ್ತಿದ್ದೆ.

ಆಮೇಲೆ ನಾನು ಸೂಜಿ ಹಿಡಿಯಲಿಲ್ಲ. ಯಾಕೆ ಅಂತ ನೀನು ಕೇಳಲಿಲ್ಲ. ಅಮ್ಮ ಕೇಳಿದಾಗ ಓದೋದಿದೆ ಅಂದೆ.

ನನ್ನದು ಅಷ್ಟು ಕೆಟ್ಟದಾಗಿತ್ತಾ ಅಪ್ಪಾ?

ಪುಟ್ಟಿ


ಆಗಸ್ಟ್ ೨೬

ಪುಟ್ಟೀ,

ಇದು ಅಮ್ಮ, ಪೂರ್ತಿ ಕಾಗದ ಅಮ್ಮನದೇ. ನಿಮ್ಮಪ್ಪನಿಗೆ ಏನು ಬರೆದಿದ್ದೀಯ? ಒಂದು ವಾರದಿಂದ ಆ ಲಕೋಟೆಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ. ಅಂಗಿ ಒಗೆಯಕ್ಕೆ ಕೊಡಿ ಅಂದರೆ ಮೊದಲು ಲಕೋಟೆ ತೆಗೀತಾರೆ, ಆಮೇಲೆ ಅಂಗಿ. ಕಾಗದ ಬರೆಯಲು ಕೂರ್ತಾರೆ, ಏಳ್ತಾರೆ. ನಿನ್ನೆ ಯಾರದ್ದೋ ಶಾಲಿಗೆ ರಫೂ ಹಾಕುತ್ತಾ ಬೆರಳಿಗೆ ಚುಚ್ಚಿಕೊಂಡರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಚುಚ್ಚಿಕೊಂಡಿದ್ದು ನಾನು ನೋಡಿಲ್ಲ.

ಜಗಳ ಆಡಿದ್ದೀರಾ? ನೀವಿಬ್ಬರೂ ಜಗಳ ಆಡಿದರೂ ಸದ್ದೇ ಬರಲ್ಲ. ನನಗೆ ಹೇಗೆ ಗೊತ್ತಾಗಬೇಕು?

ಅಮ್ಮ


ಸೆಪ್ಟೆಂಬರ್ ೪, ಶುಕ್ರವಾರ

ಅಪ್ಪಾ,

ನೀನು ಬರೆದಿಲ್ಲ. ನಾನು ಬರೆಯುತ್ತೇನೆ, ಯಾಕಂದರೆ ಇದನ್ನು ಹೇಳಲು ನನಗೆ ಬೇರೆ ಯಾರೂ ಇಲ್ಲ.

ಡಾಕ್ಟರ್ ಪಟ್ಟಿ ನೋಡಿ ಮಾತ್ರೆಯನ್ನು ಅರ್ಧಕ್ಕಿಳಿಸಿದರು. "ನಿಮ್ಮಂಥ ರೋಗಿ ಹತ್ತು ಜನ ಇದ್ದರೆ ನನ್ನ ಕೆಲಸ ಸಲೀಸು" ಅಂದರಂತೆ. ಎರಡು ವಾರ ಸಿಸ್ಟರಮ್ಮ ಖುಷಿಯಾಗಿದ್ದರು, ತಲೆ ಹಗುರ ಆಗಿದೆ ಅಂತ. ಪರೀಕ್ಷೆ ಪಾಸಾದಮೇಲೆ ಓದೋದು ಯಾಕೆ ಅಂತ ತೂತು ಎಣಿಸುವುದನ್ನೂ ಬಿಟ್ಟಿದ್ದರು. ನಾನು ಮುಟ್ಟದೆ ಬೀರುವಿನಲ್ಲಿಡುತ್ತಿದ್ದ ಚೌಕಗಳು ದಿನದಿನಕ್ಕೆ ಹೆಚ್ಚು ಜರಡಿಯಾಗುತ್ತಿದ್ದವು. ಅದನ್ನು ನೋಡುತ್ತಿದ್ದವಳು ನಾನೊಬ್ಬಳೇ.

ಮೊನ್ನೆ ಮಂಗಳವಾರ ಅವರು ಬರಲಿಲ್ಲ. ಇವತ್ತು ಬಂದರು. ಎಡಗೈ ಮುಂಗೈಯಿಂದ ಮೊಣಕೈವರೆಗೆ ಬ್ಯಾಂಡೇಜು. ಕುದಿಯುವ ನೀರಿನ ಪಾತ್ರೆ ಇಳಿಸುವಾಗ ಬಲಗೈ ಅದುರಿ ಎಡಗೈ ಮೇಲೆ ಸುರಿದಿದೆ.

ಗಡಿಬಿಡಿ ಅಳುತ್ತಿದ್ದಳು. "ಅಳಬೇಡ್ವೇ, ನಾನೇ ಡ್ರೆಸಿಂಗ್ ಮಾಡ್ಕೊಂಡೆ, ಎಷ್ಟು ನೀಟಾಗಿದೆ ನೋಡು" ಅಂತ ಅವರೇ ಸಮಾಧಾನ ಮಾಡುತ್ತಿದ್ದರು. "ಪಾತ್ರೆ ಹಿಡಿ ಸಡಿಲ ಇತ್ತು. ನನ್ನ ಕೈಯದೇನೂ ತಪ್ಪಿಲ್ಲ. ಪಟ್ಟಿ ಇದೆಯಲ್ಲ."

ಪಟ್ಟಿ ಇದೆಯಲ್ಲ ಅಂದರು ಅಪ್ಪಾ.

ನಾನು ಎದ್ದು ನಿಂತೆ. ಎಲ್ಲರೂ ಇದ್ದರು. "ಆ ಪಟ್ಟಿ ಸುಳ್ಳು" ಅಂದೆ. "ನೀವು ಹೋದಮೇಲೆ ನಿಮ್ಮ ತೂತುಗಳನ್ನ ನಾನು ಮುಚ್ಚುತ್ತಿದ್ದೆ."

ಸಿಸ್ಟರಮ್ಮ ಬೈಯುತ್ತಾರೆ, ಅಳುತ್ತಾರೆ ಅಂದುಕೊಂಡಿದ್ದೆ. ಅವರು ನೋಟ್‌ಬುಕ್ ತೆಗೆದರು. ಪೆನ್ನು ತೆಗೆದರು.

"ಯಾವತ್ತಿಂದ?"

"ಜೂನ್ ಕೊನೆಯಿಂದ."

"ತಾರೀಕು?"

"ನೆನಪಿಲ್ಲ."

"ಪ್ರತಿ ಸಲ ಎಷ್ಟೆಷ್ಟು?"

"ಎರಡು... ಆಮೇಲೆ ನಾಲ್ಕು... ಸರಿಯಾಗಿ ನೆನಪಿಲ್ಲ."

ಅವರು ಪೆನ್ನಿನ ಟೋಪಿ ಮುಚ್ಚಿದರು. ಕೈ ನಡುಗುತ್ತಿದ್ದರಿಂದ ಮೂರು ಸಲ ಬೇಕಾಯಿತು. ನಾನು ಸಹಾಯ ಮಾಡಲು ಒಂದು ಹೆಜ್ಜೆ ಮುಂದೆ ಇಟ್ಟೆ. ಅವರು ನೋಡಿದ ನೋಟಕ್ಕೆ ಅಲ್ಲೇ ನಿಂತೆ.

"ನನ್ನ ಕೈ ಕೆಟ್ಟಿದೆ ಅಂತ ನನಗೆ ಗೊತ್ತು ಕಣೇ," ಅಂದರು. "ಎಷ್ಟು ಕೆಟ್ಟಿದೆ, ಅದೊಂದೇ ನನಗೆ ಬೇಕಾಗಿದ್ದದ್ದು. ನೀನು ಅದನ್ನ ಕದ್ದುಬಿಟ್ಟೆಯಲ್ಲ."

ಹೊರಟುಹೋದರು. ಗಡಿಬಿಡಿ ಅವರ ಚೀಲ ಹಿಡಿದುಕೊಂಡು ಹಿಂದೆ ಹೋದಳು, ಹೋಗುವಾಗ ನನ್ನ ಮುಖ ನೋಡಲಿಲ್ಲ.

ಮೇಲಧಿಕಾರಿಗೆ ನಾನೇ ಹೋಗಿ ಹೇಳಿದೆ. ಕೆಲಸ ಇರುತ್ತದೋ ಇಲ್ಲವೋ ತಿಳಿಸುತ್ತೇವೆ ಅಂದರು.

ಪುಟ್ಟಿ


ಸೆಪ್ಟೆಂಬರ್ ೨೨, ಮಂಗಳವಾರ

ಅಪ್ಪಾ,

ಎರಡು ವಾರ ಸಿಸ್ಟರಮ್ಮ ಬರಲಿಲ್ಲ. ನಾನು ಮೂರು ಸಲ ಅವರ ಬೀದಿಯ ತುದಿವರೆಗೆ ಹೋಗಿ ವಾಪಸ್ ಬಂದೆ. ಮೊನ್ನೆ ಭಾನುವಾರ ಗಡಿಬಿಡಿಯ ಫೋನು. "ನಾಳೆ ಹತ್ತು ಗಂಟೆಗೆ ಡಾಕ್ಟರ್ ಹತ್ರ ನೀವು ಬರಬೇಕಂತೆ. ಸಿಸ್ಟರಜ್ಜಿ ಆರ್ಡರು."

ಹೋದೆ. ಕಾಯುವ ಬೆಂಚಿನ ಮೇಲೆ ನಾವು ಮೂವರೂ ಮುಕ್ಕಾಲು ಗಂಟೆ ಕೂತಿದ್ದೆವು. ಸಿಸ್ಟರಮ್ಮ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಒಳಗೆ ಕರೆದಾಗ ನೋಟ್‌ಬುಕ್ಕನ್ನು ಡಾಕ್ಟರ ಮುಂದೆ ಇಟ್ಟು, ನನ್ನ ಕಡೆ ತಿರುಗಿ, "ಹೇಳು. ನಿನ್ನ ಬಾಯಿಂದಲೇ ಹೇಳು" ಅಂದರು.

ಹೇಳಿದೆ. ಡಾಕ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. "ಹೆಣಿಗೆ ತಿದ್ದಿದರೆ ಔಷಧಿ ಬದಲಾಗತ್ತೆ ಅಂತ ನನಗೆ ಯಾವ ಕಾಲೇಜಲ್ಲೂ ಕಲಿಸಲಿಲ್ಲ" ಅಂದರು. ಗಡಿಬಿಡಿಗೆ ನಗು ತಡೆಯಲಾಗಲಿಲ್ಲ. ಸಿಸ್ಟರಮ್ಮ ಅವಳ ತೊಡೆಗೆ ಒಂದು ಏಟು ಕೊಟ್ಟರು. ಮಾತ್ರೆ ಮೊದಲಿನಷ್ಟೇ ಆಯಿತು, ತೂರಾಟ ಕಡಿಮೆಯಾಗಲು ಬೇರೆ ಒಂದನ್ನು ಸೇರಿಸಿದರು. ಆರು ವಾರ ನೋಡಿ ಆಮೇಲೆ ಹೇಳುತ್ತಾರಂತೆ. ವಾಸಿಯಾಗುತ್ತದೆ ಅಂತ ಅವರು ಹೇಳಲಿಲ್ಲ, ಇವರೂ ಕೇಳಲಿಲ್ಲ.

ಇವತ್ತು ಕೋಣೆಗೆ ಬಂದರು. ಬಂದವರೇ ನನ್ನ ಸ್ಟೂಲನ್ನು ಬಾಗಿಲಿನಿಂದ ಎಳೆಸಿ ತಮ್ಮ ಎದುರಿಗೆ ಹಾಕಿಸಿದರು. "ಕೂತ್ಕೋ. ಎರಡೂ ಕೈ ತೊಡೆ ಕೆಳಗಿಟ್ಕೋ. ನಾನು ಹೆಣೀತೀನಿ, ನೀನು ನೋಡು. ಏಳಬಾರದು."

ಅಪ್ಪಾ, ಎರಡು ಗಂಟೆ ಕೂತೆ. ಕುಣಿಕೆ ಕಡ್ಡಿಯ ತುದಿಗೆ ಬಂದು ನಿಲ್ಲುತ್ತಿತ್ತು, ಇನ್ನೇನು ಬೀಳುತ್ತದೆ ಅಂತ ನನಗೆ ಕಾಣುತ್ತಿತ್ತು, ಬೀಳುತ್ತಿತ್ತು. ತೊಡೆ ಕೆಳಗೆ ಬೆರಳು ತಾವಾಗಿಯೇ ಆಡುತ್ತಿದ್ದವು. ಬಿದ್ದಾಗಲೆಲ್ಲ ಸಿಸ್ಟರಮ್ಮ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು. ಗಡಿಬಿಡಿ ಪಕ್ಕದಲ್ಲಿ ಕೂತು ಜೋರಾಗಿ ಎಣಿಸಿದಳು. ಇನ್ನು ಮೇಲೆ ಎಣಿಸುವುದು ಅವಳೇ, ಕೂಡಲೇ, ಎಲ್ಲರೂ ಕೇಳುವ ಹಾಗೆ. ಹತ್ತೊಂಬತ್ತು.

"ಹತ್ತೊಂಬತ್ತು," ಅಂದರು ಸಿಸ್ಟರಮ್ಮ, ಬರೆದುಕೊಂಡರು. ಆಮೇಲೆ ಕೋಣೆಯ ಕಡೆ ತಿರುಗಿ, "ಬೇರೆ ಯಾರದ್ದಾದರೂ ಇಂಥ ಉಪಕಾರ ಇದ್ದರೆ ಈಗಲೇ ಬಾಯಿ ಬಿಡಿ" ಅಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಡ್ರೈವರ್ ತಾತ ಕತ್ತು ಕೆರೆದುಕೊಂಡರು.

"ಈ ಹುಡುಗನ ಚೌಕ... ಒಂದೆರಡು... ಬೀರು ಸೇರೋ ಮುಂಚೆ ಚೀಲಕ್ಕೆ ಹಾಕ್ಕೊಂಡು, ನಾನು ಮನೆಗೆ ತಗೊಂಡು ಹೋಗಿ ಬಿಚ್ಚಿ ಹೆಣೆದು..."

"ತಾತಾ!" ಎತ್ತರದ ಹುಡುಗ ಎದ್ದು ನಿಂತ. "ನಾನು ಅದನ್ನ ಫೋಟೋ ತೆಗೆದು ಎಲ್ಲರಿಗೂ ಕಳಿಸಿದೀನಿ!"

"ಒಂದೆರಡು ಅಂದ್ರೆ ಎಷ್ಟು ತಾತಾ?" ಅಂತ ಗಡಿಬಿಡಿ.

"ಒಂಬತ್ತು."

ಹುಡುಗನ ಮುಖ ಕೆಂಪಾಯಿತು. ಆಮೇಲೆ ಅವನೂ ಬಾಯಿಬಿಟ್ಟ: ತಾತನಿಗೆ ಕಣ್ಣು ಮಂಜಾಗಿ ಬಣ್ಣ ತಪ್ಪಿ ಸೇರಿಸುತ್ತಿದ್ದ ಕಡೆ ಇವನು ಗೊತ್ತಾಗದ ಹಾಗೆ ಉಂಡೆ ಬದಲಿಸಿ ಇಡುತ್ತಿದ್ದನಂತೆ. ಮೂಲೆಯಲ್ಲಿದ್ದ ಇನ್ನೊಂದು ಜೋಡಿಯೂ ಒಬ್ಬರನ್ನೊಬ್ಬರು ಕಳ್ಳನೋಟದಲ್ಲಿ ನೋಡಿಕೊಂಡರು. ಹೊದಿಕೆಯ ಅರ್ಧದಷ್ಟು ಚೌಕ ಯಾರದ್ದು ಅಂತ ಈಗ ಯಾರಿಗೂ ಖಾತ್ರಿ ಇಲ್ಲ. ಎಲ್ಲರೂ ಏಕಕಾಲಕ್ಕೆ ಬೈದಾಡುತ್ತಿದ್ದರು. ಕೆಳಗೆ ಓದುತ್ತಿದ್ದವರು ಮೆಟ್ಟಿಲ ಹತ್ತಿರ ಬಂದು ಶ್ ಶ್ ಅನ್ನಬೇಕಾಯಿತು.

ಕೆಲಸ ಉಳಿದಿದೆ, ಒಂದು ಎಚ್ಚರಿಕೆಯ ಪತ್ರದ ಜೊತೆ. ಸಿಸ್ಟರಮ್ಮ ಕ್ಷಮಿಸಿದ್ದಾರೋ ಇಲ್ಲವೋ ತಿಳಿಯದು. ಹೊರಡುವಾಗ ಮೆಟ್ಟಿಲಿಳಿಯಲು ನನ್ನ ಭುಜ ಹಿಡಿದುಕೊಂಡರು. ಪ್ರೀತಿಯಿಂದ ಅಲ್ಲ, ಮೆಟ್ಟಿಲಿಗೆ ಹಿಡಿದುಕೊಳ್ಳುವ ಕಂಬಿ ಇಲ್ಲ ಅಂತ. ಕೆಳಗೆ ಬಂದಮೇಲೆ, "ಶುಕ್ರವಾರ ನಿನಗೂ ಒಂದು ಜೊತೆ ಕಡ್ಡಿ ತರ್ತೀನಿ" ಅಂದರು.

ನಾನು ಕೇಳಿದ್ದಕ್ಕೆ ನೀನು ಉತ್ತರ ಬರೆಯದಿದ್ದರೂ ಪರವಾಗಿಲ್ಲ ಅಂತ ಬರೆಯೋಣ ಅಂದುಕೊಂಡೆ. ಅದು ಸುಳ್ಳು. ಪರವಾ ಇದೆ.

ಪುಟ್ಟಿ


ಅಕ್ಟೋಬರ್ ೩

ಮಗಳೇ,

ಇದು ಎಂಟನೆಯ ಹಾಳೆ. ಏಳನ್ನು ಹರಿದೆ. ನಿಮ್ಮಮ್ಮ ಓದದ ಹಾಗೆ ಅಂಚೆಗೆ ಹಾಕುತ್ತಿದ್ದೇನೆ, ಅವಳಿಗೂ ಇದು ಗೊತ್ತಿಲ್ಲ.

ನಿನ್ನ ಹಕ್ಕಿ ಕೆಟ್ಟದಾಗಿರಲಿಲ್ಲ.

ಅವತ್ತು ಬೆಳಿಗ್ಗೆ ಏಳು ಗಂಟೆಗೆ ಅದನ್ನು ಅಂಗಡಿಗೆ ತೆಗೆದುಕೊಂಡು ಹೋದೆ. ಎರಡು ತಿಂಗಳು ಮಡಚಿ ಬಿಚ್ಚಿ ಮಡಚಿ ಬಿಚ್ಚಿ ಸುಕ್ಕು ಬಿದ್ದಿತ್ತು. ಇಸ್ತ್ರಿ ಹಾಕಿ ಕೊಟ್ಟರೆ ಎದ್ದು ಕಾಣುತ್ತದೆ ಅನಿಸಿತು. ಅಷ್ಟರಲ್ಲಿ ಗಿರಾಕಿ ಬಂದ. ಪ್ಯಾಂಟಿನ ಮಂಡಿ ಹರಿದಿದೆ ಅಂತ ತೋರಿಸುತ್ತಿದ್ದ. ಇಸ್ತ್ರಿಪೆಟ್ಟಿಗೆ ಅದರ ಮೇಲೆಯೇ ಇತ್ತು. ವಾಸನೆ ಮೂಗಿಗೆ ಬಂದಾಗ ತಿರುಗಿ ನೋಡಿದೆ. ಹಕ್ಕಿಯ ರೆಕ್ಕೆಯಿಂದ ತಲೆವರೆಗೆ ಪೆಟ್ಟಿಗೆಯ ಆಕಾರ ಕಂದಾಗಿ ಅಚ್ಚೊತ್ತಿತ್ತು. ಮುಟ್ಟಿದರೆ ಪುಡಿ.

ಮೂವತ್ತು ವರ್ಷ ಊರಿನವರ ಸುಟ್ಟ ಬಟ್ಟೆ ಸರಿಮಾಡಿದವನು. ಅದನ್ನು ಸರಿಮಾಡಲು ನನ್ನಿಂದ ಆಗಲಿಲ್ಲ, ಸೇರಿಸಲು ಅಂಚೇ ಉಳಿದಿರಲಿಲ್ಲ. ಅಂಗಡಿ ಬಾಗಿಲು ಎಳೆದುಕೊಂಡು ಅಂಥದೇ ಬಟ್ಟೆ, ಅದೇ ನೀಲಿ ದಾರ ಹುಡುಕಿ ತಂದೆ. ಹನ್ನೊಂದೂವರೆಗೆ ಮುಗಿಸಿದೆ. ಕೊಕ್ಕು ಸೊಟ್ಟ ಇದ್ದದ್ದು ನನಗೆ ಚೆನ್ನಾಗಿ ನೆನಪಿತ್ತು. ಹಾಗೇ ಹಾಕಲು ಮೂರು ಸಲ ಬಿಚ್ಚಿದೆ. ನಿನ್ನ ಕೊಕ್ಕು ಯಾರನ್ನೋ ಏನೋ ಕೇಳುವ ಹಾಗೆ ಓರೆಯಾಗಿತ್ತು. ನನ್ನ ಕೈಗೆ ಅದು ಬರಲಿಲ್ಲ. ಪ್ರತಿ ಸಲವೂ ನೇರವಾಗಿ ಹೋಯಿತು.

ದಾರಿಯುದ್ದಕ್ಕೂ ಹೇಳಬೇಕು ಅಂದುಕೊಂಡು ಬಂದೆ. ಶಾಲೆಯಲ್ಲಿ ನೀನು ಅದನ್ನು ತಿರುಗಿಸಿ ಹಿಂಬದಿ ನೋಡಿದ್ದನ್ನು ನೋಡಿದೆ. ನಿನಗೆ ಗೊತ್ತಾಯಿತು ಅಂತ ನನಗೆ ಗೊತ್ತಾಯಿತು. ಬಹುಮಾನ ಬೇರೆ ಬಂದುಬಿಟ್ಟಿತು. ಆಮೇಲೆ ಹೇಳಿದರೆ ಬಹುಮಾನ ವಾಪಸ್ ಕೊಡಬೇಕಾಗುತ್ತದೆ, ನಿನಗೆ ಅವಮಾನ ಅಂತ ನನಗೆ ನಾನೇ ಹೇಳಿಕೊಂಡೆ. ಅದು ನೆಪ. ನಿನ್ನ ಕೆಲಸ ಸುಟ್ಟವನು ನಾನು ಅಂತ ನಿನ್ನ ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ. ನೀನು ಸೂಜಿ ಬಿಟ್ಟಾಗ ಓದಿನ ಗುಂಗು ಅಂತ ನಂಬಿಕೊಂಡೆ. ನಂಬಿದರೆ ನನಗೆ ಸುಲಭ. ನಿನ್ನದು ಚೆನ್ನಾಗಿಲ್ಲ ಅಂತ ನಾನು ಬದಲಿಸಿದೆ ಎಂದು ನೀನು ತಿಳಿದುಕೊಂಡಿರಬಹುದು ಅನ್ನುವುದು ಆಗಸ್ಟಿನ ಆ ಕಾಗದ ಬರುವವರೆಗೂ ನನ್ನ ತಲೆಗೆ ಹೊಳೆದಿರಲಿಲ್ಲ. ದೇವರಾಣೆ ಹೊಳೆದಿರಲಿಲ್ಲ.

ಸುಟ್ಟ ತುಂಡನ್ನು ಇಟ್ಟುಕೊಂಡಿದ್ದೇನೆ ಅಂತ ಬರೆಯುವ ಆಸೆಯಾಯಿತು. ಇಟ್ಟುಕೊಂಡಿಲ್ಲ. ಹೆದರಿ ಅವತ್ತೇ ಚಿಂದಿ ಗಂಟಿಗೆ ಸೇರಿಸಿ ಕೊಟ್ಟುಬಿಟ್ಟೆ. ನಿನ್ನದಕ್ಕೇ ಬಹುಮಾನ ಬರುತ್ತಿತ್ತೋ ಇಲ್ಲವೋ ಅದೂ ಗೊತ್ತಿಲ್ಲ.

ನೀನು ಆ ಕೋಣೆಯಲ್ಲಿ ಎಲ್ಲರ ಮುಂದೆ ಎದ್ದು ನಿಂತು ಹೇಳಿದೆ ಅಂತ ಓದಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಹದಿಮೂರನೇ ತಾರೀಕು ಮಂಗಳವಾರ ಅಂಗಡಿ ಮುಚ್ಚಿ ಬೆಳಗಿನ ಬಸ್ಸಿಗೆ ಹೊರಡುತ್ತೇನೆ, ಮೂರರ ಹೊತ್ತಿಗೆ ಅಲ್ಲಿರುತ್ತೇನೆ. ಬೈಯುವುದನ್ನೆಲ್ಲ ಎದುರಿಗೆ ಬೈ. ಯಾರಿದ್ದರೂ ಸರಿ, ನಿಮ್ಮ ಸಿಸ್ಟರಮ್ಮನೂ ಇರಲಿ, ಅವರಿಗೂ ಬೈಯುವ ಹಕ್ಕಿದೆ ಅನಿಸುತ್ತದೆ. ಬಂದ ಕೂಡಲೆ ನನಗೆ ಮಾತು ಹೊರಡುವುದಿಲ್ಲ, ಅದು ನಿನಗೆ ಗೊತ್ತೇ ಇದೆ. ಬಾಗಿಲಲ್ಲಿ ನಿಂತಿರುತ್ತೇನೆ. ಮೊದಲ ಮಾತು ನೀನೇ ಆಡಬೇಕು.

ನಿನ್ನ ಅಪ್ಪ